ಲವಣತೆ ಮತ್ತು ಸಿಹಿನೀರಿನ ಬಸವನಹುಳುಗಳು

ನೀರಿನಲ್ಲಿ ಕರಗಿದ ಲವಣದ ಪ್ರಮಾಣ ಏರಿದಂತೆ ಸಿಹಿನೀರಿನ ಬಸವನಹುಳುಗಳಲ್ಲಿಯೂ, ಅವುಗಳ ಒಡಲಿನಲ್ಲಿ ಬೆಳೆದು ಅನಂತರ ದನಕರುಗಳನ್ನು ಸೇರುವ ಪರೋಪಜೀವಿ ಚಪ್ಪಟೆಹುಳುಗಳಲ್ಲಿಯೂ ಉಂಟಾಗುವ ಮಾರ್ಪಾಡುಗಳು ಕೆರೆನಾಲೆಗಳ ನಾಡಿನ ಪಶುಪಾಲನೆಗೆ ನೇರವಾಗಿ ಸಂಬಂಧಿಸಿದವು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳಲ್ಲಿ, ಸೂಳೆಕೆರೆಯೆಂದು ಹೆಸರಾದ ಶಾಂತಿಸಾಗರ, ಭದ್ರಾ ನಾಲೆ, ತುಂಗಭದ್ರಾ ನದಿ ಮೊದಲಾದವುಗಳ ಆಸರೆಯಲ್ಲಿ ಹಬ್ಬಿರುವ ಗದ್ದೆಬಯಲು ಇಂಥ ಹುಳುಗಳಿಗೆ ಒಪ್ಪುವ ನೆಲೆ. ನಾಲೆಯ ನೀರು ಬಸಿದುಹೋಗದೆ ನಿಂತ ತಗ್ಗುಗಳಲ್ಲಾದರೋ ನೆಲ ಕ್ರಮೇಣ ಚೌಳಾಗುವ ಭಯವುಂಟು. ಮಳೆ ಕಡಮೆಯಾದ ಜಗಳೂರು ಸೀಮೆಯಲ್ಲಿ, ಬೇಸಗೆಯಲ್ಲಿ ಕೆರೆ ಬತ್ತುತ್ತ ಬಂದಂತೆ ಉಳಿದ ನೀರಿನ ಲವಣ ತಾನಾಗಿ ಸಾಂದ್ರಗೊಳ್ಳುತ್ತದೆ.

ಬಸವನಹುಳುವಿನ ದೇಹದ್ರವ ಸುತ್ತಲಿನ ಸಿಹಿನೀರಿಗಿಂತ ಹೆಚ್ಚು ಲವಣಯುಕ್ತವಾದುದರಿಂದ, ಅದು ಒಳನುಗ್ಗುವ ನೀರನ್ನು ಸದಾ ಹೊರಹಾಕುತ್ತ, ಬೇಕಾದ ಲವಣಗಳನ್ನು ಹೀರಿಕೊಳ್ಳುತ್ತ ಬಾಳುತ್ತದೆ. ಹೊರಗಿನ ಲವಣ ಅತಿಯಾದಾಗ ಈ ಸಮತೋಲ ಕೆಟ್ಟು ಬೆಳವಣಿಗೆ ಕುಂಠಿತವಾಗುತ್ತದೆ, ಮೊಟ್ಟೆಯಿಡುವುದು ತಗ್ಗುತ್ತದೆ. ಸಾವು ಬರುವುದು ಆಮೇಲೆ. ಮೆಲನಾಯ್ಡಿಸ್ ಟ್ಯೂಬರ್ಕ್ಯುಲೇಟದಂಥ ಕೆಲವು ಜಾತಿಗಳು ಮಾತ್ರ ಅಳಿವೆಯ ಉಪ್ಪುಮಿಶ್ರಿತ ನೀರಿನಲ್ಲಿಯೂ ಬದುಕಬಲ್ಲವು.

ದನಗಳ ಮಟ್ಟಿಗೆ ಮುಖ್ಯವಾದುದು ಇಂಡೊಪ್ಲನಾರ್ಬಿಸ್ ಎಕ್ಸಸ್ಟಸ್ ಎಂಬ ಬಸವನಹುಳು. ಮೂಗಿನ ರಕ್ತನಾಳಗಳಲ್ಲಿ ನೆಲೆಸಿ ಗೊರಕೆರೋಗವನ್ನು ತರುವ ಶಿಸ್ಟೊಸೋಮ ನೇಸಾಲೆ ಎಂಬ ಹುಳುವನ್ನು 1933ರಲ್ಲಿ ರಾವ್ ಅವರು ವರ್ಣಿಸಿದರು; ಅದರ ಮರಿಗಳು ಬೆಳೆಯುವುದು ಈ ಬಸವನಹುಳುವಿನಲ್ಲಿಯೇ. ದನದ ಮೂಗಿನ ಲೋಳೆಯೊಡನೆ ಬಿದ್ದ ಮೊಟ್ಟೆ ನೀರಿನಲ್ಲಿ ಒಡೆದು, ಹೊರಬಂದ ಈಜುಮರಿ ಕೆಲವೇ ಗಂಟೆಗಳಲ್ಲಿ ಬಸವನಹುಳುವನ್ನು ಹೊಗದಿದ್ದರೆ ಸಾಯುತ್ತದೆ. ಲವಣದ ಪೆಟ್ಟು ಇಲ್ಲಿಯೇ ತೀಕ್ಷ್ಣ. ಪ್ರಯೋಗಶಾಲೆಯಲ್ಲಿ ಶಿಸ್ಟೊಸೋಮಗಳ ಮೊಟ್ಟೆಗಳನ್ನು ಲೀಟರಿಗೆ ಸುಮಾರು 8.5 ಗ್ರಾಂ ಉಪ್ಪಿರುವ ನೀರಿನಲ್ಲಿ ತೊಳೆಯುತ್ತಿರುವವರೆಗೆ ಅವು ಒಡೆಯದೆ ಸುಮ್ಮನಿರುತ್ತವೆ. ಸಿಹಿನೀರಿಗೆ ಹಾಕಿ ಬೆಳಕಿಗಿಟ್ಟರೆ ಸ್ವಲ್ಪ ಹೊತ್ತಿನಲ್ಲಿಯೇ ಮರಿಗಳು ಹೊರಟು ಬೆಳಕಿನ ಕಡೆಗೆ ಈಜತೊಡಗುತ್ತವೆ.

ಹೀಗೆಂದು ಚೌಳನ್ನು ರೋಗಕ್ಕೆ ಮದ್ದೆಂದು ಎಣಿಸುವುದು ಸರ್ವಥಾ ಸಲ್ಲದು. ಅಷ್ಟು ಉಪ್ಪು ಸೇರುವ ಬಹು ಮುನ್ನವೇ, ಲವಣಕ್ಕೆ ಸೂಕ್ಷ್ಮವಾದ ಭತ್ತದ ಪೈರು ಕೆಟ್ಟುಹೋಗುತ್ತದೆ, ನೀರು ದನಗಳು ಕುಡಿಯಲು ತಕ್ಕುದಾಗಿ ಉಳಿಯುವುದಿಲ್ಲ. ಅದಕ್ಕಿಂತ ಕಡಮೆ ಲವಣದಲ್ಲಾದರೆ ರೋಗಚಕ್ರ ಪೂರ್ತಿ ತುಂಡಾಗದೆ, ಬಸವನಹುಳುವಿನಿಂದ ಹೊರಟ ಪರೋಪಜೀವಿಯ ಮರಿಗಳು ನಾಟಿಗೆ ಇಳಿದವರ ಕಾಲಿಗೆ ತುರಿಯನ್ನು ತರುತ್ತಲೇ ಇರುತ್ತವೆ. ಇಂಡೊಪ್ಲನಾರ್ಬಿಸ್ ಕೆರೆಯ ಕೆಸರಿನಲ್ಲಿ ಹುದುಗಿ ಬರವನ್ನು ಕಳೆಯಬಲ್ಲುದು, ಉಭಯಲಿಂಗಿಯಾದುದರಿಂದ ಒಂದೇ ಉಳಿದರೂ ಸಂತಾನವನ್ನು ಬೆಳೆಸಬಲ್ಲುದು. ಮುಂಗಾರಿನ ಹೊಸನೀರು ಲವಣವನ್ನು ತೆಳುವಾಗಿಸಿದೊಡನೆ ಅದರ ಮೊಟ್ಟೆಯ ಲೋಳೆಗಂಟುಗಳು ಜಲಸಸ್ಯಗಳ ಎಲೆಯಡಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ.