ದೂರದಿಂದ ದೊರೆತ ಸಾಂತ್ವನ

ನೊಂದವನ ಎದುರಿಗೆ ಕುಳ್ಳಿರದೆ ಅಂತರ್ಜಾಲದ ಮೂಲಕವೇ ಅವನ ಮನಸ್ಸಿಗೆ ಸಮಾಧಾನ ತರಬಹುದೆಂಬುದು ಈ ಶತಮಾನದ ಹೊಸ ಸಾಹಸವೆಂದು ಹಲವರು ಭಾವಿಸಿದ್ದಾರೆ. ಆದರೆ ದೂರದಿಂದ ನಡೆಯುವ ಆಪ್ತಸಮಾಲೋಚನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವುಂಟು, ಅದರ ಗುಣದೋಷಗಳೆರಡೂ ಆ ಇತಿಹಾಸದಲ್ಲಿಯೇ ಸ್ಫುಟವಾಗಿ ಗೋಚರಿಸುತ್ತವೆ. ಕುದುರೆಗಳಿಗೆ ಅಂಜಿ ಬೀದಿಗಿಳಿಯಲೊಲ್ಲದ ವಿಯೆನ್ನಾ ನಗರದ ಬಾಲಕನೊಬ್ಬನ ವೃತ್ತಾಂತವನ್ನು ಸಿಗ್ಮಂಡ್ ಫ್ರಾಯ್ಡ್ 1909ರಲ್ಲಿ ಪ್ರಕಟಿಸಿದನಷ್ಟೆ. ಆ ಚಿಕಿತ್ಸೆಯ ಅವಧಿಯಲ್ಲಿ ಅವನು ಬಾಲಕನನ್ನು ಸಮಾಲೋಚನೆಗೆಂದು ಕಂಡದ್ದು ಒಂದೇ ಒಂದು ಸಲ. ಮಿಕ್ಕುದೆಲ್ಲ ತಂದೆಯು ಬರೆದು ಕಳುಹಿಸುತ್ತಿದ್ದ ವರದಿಗಳ ಆಧಾರದಿಂದ, ತಂದೆಯ ಮುಖಾಂತರವಾಗಿಯೇ ನಡೆಯಿತು. ವೈದ್ಯನು ದೂರದಲ್ಲಿದ್ದರೂ ಮಗುವಿನ ಪಕ್ಕದಲ್ಲಿ ತಂದೆಯಿದ್ದನೆಂಬುದನ್ನು ನಾವು ಮರೆಯಲಾಗದು.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಹೃದಯಸ್ಪರ್ಶಿಯಾಗಿ ತೋರುವುದು ಲಂಡನ್ನಿನ ಪ್ರಕರಣ. ಚಾಡ್ ವಾರಾ ಎಂಬ ಪಾದ್ರಿಯು ತನ್ನ ವೃತ್ತಿಜೀವನದ ಆರಂಭದಲ್ಲಿ, 1935ರಲ್ಲಿ, ಹದಿನಾಲ್ಕು ವರ್ಷದ ಬಾಲಕಿಯೊಬ್ಬಳ ಅಂತ್ಯಕ್ರಿಯೆಯನ್ನು ನಡೆಸಬೇಕಾಯಿತು. ಮೊದಲ ಋತುಸ್ರಾವವನ್ನು ಗುಹ್ಯರೋಗವೆಂದು ತಪ್ಪಾಗಿ ತಿಳಿದು, ಕೇಳುವುದಕ್ಕೆ ಯಾರೂ ಇಲ್ಲದೆ, ಆಕೆ ಪ್ರಾಣತ್ಯಾಗ ಮಾಡಿದ್ದಳು. ಆ ದುಃಖವನ್ನು ಹದಿನೆಂಟು ವರ್ಷ ಹೃದಯದಲ್ಲಿ ಹೊತ್ತು, ಕೊನೆಗೆ 1953ರ ನವೆಂಬರ್ 2ರಂದು ಆತನು ತನ್ನ ಚರ್ಚಿನಲ್ಲಿದ್ದ ದೂರವಾಣಿಯನ್ನು ಬದುಕಿನಲ್ಲಿ ಬೇಸತ್ತವರ ಸೇವೆಗೆ ಮೀಸಲಿಟ್ಟನು. ಸಮಾರಿಟನ್ಸ್ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಆತ್ಮಹತ್ಯೆಯ ಯತ್ನವು ಇಂಗ್ಲೆಂಡಿನಲ್ಲಿ 1961ರವರೆಗೂ ಅಪರಾಧವೆನಿಸಿದ್ದ ಕಾಲವದು. ಆದುದರಿಂದ ಹೆಸರು ಹೇಳದೆ, ಮುಖ ತೋರದೆ ಮಾತಾಡುವ ಅವಕಾಶವೆಂಬುದು ಕೇವಲ ಸೌಕರ್ಯವಾಗಿರದೆ ಅಭಯವೇ ಆಗಿತ್ತು. ತನ್ನನ್ನು ಕಾಣಲು ಬಂದು ಕಾದಿರುತ್ತಿದ್ದವರಿಗೆ ಚಹಾ ಕೊಟ್ಟು, ತಾಳ್ಮೆಯಿಂದ ಅವರ ಮಾತಿಗೆ ಕಿವಿಗೊಡುತ್ತಿದ್ದ ಸ್ವಯಂಸೇವಕರಿಂದಲೇ ಎಷ್ಟೋ ಮಂದಿ ಹಗುರಾಗಿ, ಪಾದ್ರಿಯನ್ನು ಕಾಣುವ ಅವಶ್ಯಕತೆಯೇ ಇಲ್ಲದೆ ಹಿಂದಿರುಗುತ್ತಿದ್ದುದನ್ನು ವಾರಾ ಗಮನಿಸಿದನು. ಕೆಲವೇ ತಿಂಗಳುಗಳಲ್ಲಿ ದೂರವಾಣಿಯ ಹೊಣೆಯನ್ನೂ ಅವರಿಗೇ ವಹಿಸಿದನು. ಪಾಂಡಿತ್ಯಕ್ಕಿಂತ ಆಲಿಸುವ ಶ್ರದ್ಧೆಯೇ ಇಲ್ಲಿ ಮುಖ್ಯವೆಂಬುದನ್ನು ಇಷ್ಟು ನಮ್ರವಾಗಿ ಒಪ್ಪಿಕೊಂಡ ಸ್ಥಾಪಕರು ವಿರಳ.

ಇತ್ತ ವೈದ್ಯರ ದಾರಿ ಬೇರೆಯಾಗಿತ್ತು. ಅಮೆರಿಕದ ನೆಬ್ರಾಸ್ಕಾ ಮನೋವೈದ್ಯ ಸಂಸ್ಥೆಯು 1959ರಲ್ಲಿ ದೂರದರ್ಶನವನ್ನು ಸಾಮೂಹಿಕ ಚಿಕಿತ್ಸೆಗೆ ಬಳಸಿತು; 1964ರಲ್ಲಿ 112 ಮೈಲಿಗಳಾಚೆಯ ನಾರ್ಫೋಕ್ ಆಸ್ಪತ್ರೆಯೊಡನೆ ಇಂತಹ ಸಂಪರ್ಕವನ್ನೇ ಏರ್ಪಡಿಸಿತು. ಎರಡು ವರ್ಷಗಳ ಬಳಿಕ ಜೋಸೆಫ್ ವೈಜೆನ್‌ಬಾಮ್ ಎಂಬ ವಿದ್ವಾಂಸನು, ಕೇಳಿದವರ ಮಾತನ್ನೇ ಪ್ರಶ್ನೆಯಾಗಿ ತಿರುಗಿಸುವ ಎಲೈಜಾ ಎಂಬ ಗಣಕಯಂತ್ರದ ಕಾರ್ಯಕ್ರಮವನ್ನು ಪ್ರಕಟಿಸಿದನು. ಅದು ಬರಿಯ ಯಂತ್ರವೆಂದು ಚೆನ್ನಾಗಿ ಬಲ್ಲ ಆತನ ಕಾರ್ಯದರ್ಶಿನಿಯೇ, ತಾನು ಅದರೊಡನೆ ಏಕಾಂತದಲ್ಲಿ ಸಂಭಾಷಿಸಬೇಕೆಂದು ಆತನನ್ನು ಕೊಠಡಿಯಿಂದ ಹೊರಗೆ ಹೋಗಹೇಳಿದಳಂತೆ. ಮನುಷ್ಯನ ಒಂಟಿತನ ಎಷ್ಟು ಆಳವಾದದ್ದೆಂದು ಕಂಡು ತಲ್ಲಣಿಸಿದ ವೈಜೆನ್‌ಬಾಮ್, 1976ರಲ್ಲಿ ಒಂದು ಗ್ರಂಥವನ್ನೇ ಬರೆದು, ಮನುಷ್ಯನು ಮಾಡಬೇಕಾದ ಕೆಲವು ಕಾರ್ಯಗಳನ್ನು ಯಂತ್ರಕ್ಕೆ ಒಪ್ಪಿಸಕೂಡದೆಂದು ವಾದಿಸಿದನು. ಯಂತ್ರಗಳು ಮನುಷ್ಯರಂತೆಯೇ ಉತ್ತರಿಸತೊಡಗಿರುವ ಇಂದು ಆ ವಾದವನ್ನು ಮತ್ತೊಮ್ಮೆ ಪರಾಮರ್ಶಿಸುವುದು ಅತ್ಯಗತ್ಯವೆಂದು ನನ್ನ ದೃಢಾಭಿಪ್ರಾಯ.

ನಮ್ಮ ನಾಡಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮೊದಲು ಹಿಡಿದದ್ದು ಸಾಮೀಪ್ಯದ ಮಾರ್ಗವನ್ನು. ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗ ಚಿಕಿತ್ಸೆಯನ್ನು ಕಲಿಸಿ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಪ್ರಯೋಗಿಸಿದ ಫಲವಾಗಿ, 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಸಾಂಕ್ರಾಮಿಕದಿಂದ ಊರೂರು ಮುಚ್ಚಿದ 2020ರಲ್ಲಿ ದೂರವೈದ್ಯಕ್ಕೆ ರಾಷ್ಟ್ರೀಯ ನಿಯಮಾವಳಿ ಬಂದು, ವೈದ್ಯನೂ ರೋಗಿಯೂ ಪರಸ್ಪರರ ಗುರುತನ್ನು ಬಲ್ಲವರಾಗಿರಬೇಕೆಂದು ಅದು ವಿಧಿಸಿತು. ಅನಾಮಧೇಯನಿಗೆ ಔಷಧ ಕೊಡುವುದು ಅಪಾಯಕರವಾದುದರಿಂದ ಈ ನಿಯಮ ನ್ಯಾಯವೇ. ಆದರೆ ಲಂಡನ್ನಿನ ಆ ಅಭಯವು ಹೀಗೆ ಚಿಕಿತ್ಸೆಯ ಹೊರಗೆ, ಸಹಾಯವಾಣಿಯಲ್ಲಿ ಮಾತ್ರ, ಉಳಿದುಕೊಂಡಿತು. 2022ರ ಅಕ್ಟೋಬರ್ 10ರಂದು ಉದ್ಘಾಟನೆಗೊಂಡ ಟೆಲಿ ಮಾನಸ್ ಎಂಬ ರಾಷ್ಟ್ರೀಯ ಸಹಾಯವಾಣಿಯು, ಮೊದಲು ಆಪ್ತಸಮಾಲೋಚಕರು ಆಲಿಸಿ, ಅವಶ್ಯವಿದ್ದರೆ ತಜ್ಞರಿಗೆ ಒಪ್ಪಿಸುವ ಏರ್ಪಾಡಿನಿಂದ ಈ ಎರಡು ದಾರಿಗಳನ್ನು ಕೂಡಿಸಲು ಯತ್ನಿಸಿದೆ.

ಜಿಲ್ಲಾ ಕೇಂದ್ರಕ್ಕೆ ಬಸ್ಸು ಹಿಡಿದು ದಿನದ ಕೂಲಿ ಕಳೆದುಕೊಳ್ಳಬೇಕಾದವನಿಗೆ, ಆಸ್ಪತ್ರೆಯ ಬಾಗಿಲಲ್ಲಿ ನೆಂಟರ ಕಣ್ಣಿಗೆ ಬೀಳಲು ಅಂಜುವವನಿಗೆ, ದೂರದ ಸಮಾಲೋಚನೆ ನಿಜವಾದ ಉಪಕಾರ. ಆದರೆ ಒಂದೇ ಕೋಣೆಯ ಮನೆಯಲ್ಲಿ, ಅತ್ತೆಯೂ ಗಂಡನೂ ಕೇಳುವಂತಿರುವೆಡೆ, ಮನೆಮಂದಿಗೆಲ್ಲ ಒಂದೇ ಆದ ಫೋನಿನಲ್ಲಿ ಸೊಸೆಯು ಏನನ್ನು ತಾನೇ ಹೇಳಿಕೊಂಡಾಳು? ಊಟಬಿಟ್ಟು ಕೃಶವಾದ ಮೈಯನ್ನೂ ನಡುಗುವ ಕೈಯನ್ನೂ ತೆರೆಯು ತೋರಿಸೀತೆಂದು ನಂಬುವಂತಿಲ್ಲ; ಪ್ರಾಣಾಪಾಯದ ಕ್ಷಣದಲ್ಲಿ ಹತ್ತಿರದವರೊಬ್ಬರು ಬಾಗಿಲು ತಟ್ಟಬೇಕಾಗುತ್ತದೆ. ಆದುದರಿಂದ ದೂರದ ಧ್ವನಿಯನ್ನು ಹತ್ತಿರದ ವೈದ್ಯನಿಗೆ ಬದಲಿಯೆಂದು ಎಣಿಸುವುದನ್ನು ನಾನು ಒಪ್ಪಲಾರೆ. ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಮನಸ್ಸಿನ ಕಾಯಿಲೆಯನ್ನು ಬಲ್ಲ ವೈದ್ಯರೊಬ್ಬರನ್ನು ನೇಮಿಸುವಂತೆ ನಾವೆಲ್ಲರೂ ಒತ್ತಾಯಿಸೋಣ. ಅದಕ್ಕಾಗಿ ಕಾಯದೆ, ಮನಸ್ಸು ಕುಗ್ಗಿರುವವರು ಇಂದೇ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಲಿ. ಆ ಕರೆಗೆ ಶುಲ್ಕವಿಲ್ಲ, ಹಗಲಿರುಳೂ ಅಲ್ಲಿ ಉತ್ತರಿಸುತ್ತಾರೆ, ಕನ್ನಡದಲ್ಲಿಯೇ ಮಾತಾಡಬಹುದು.