ಕ್ವಾಂಟಮ್ ಬಿಗ್‌ಫೂಟ್ ಹಾರ್ಡ್ ಡಿಸ್ಕ್, 1996

ಇದರ ಅಗಲ ಗಮನಿಸಿ: ಸಿ.ಡಿ. ಡ್ರೈವಿನಷ್ಟೇ, 5.25 ಇಂಚಿನ ಅಳತೆ. ಬಹುತೇಕ ತಯಾರಕರು 3.5 ಇಂಚಿಗೆ ಇಳಿದಿದ್ದಾಗ ಕ್ಯಾಲಿಫೋರ್ನಿಯಾದ ಕ್ವಾಂಟಮ್ ಕಂಪನಿ ಹಳೆಯ ಅಳತೆಗೆ ಮರಳಿದ್ದು ತಂತ್ರಜ್ಞಾನದಲ್ಲಿ ಹಿಂದುಳಿದು ಅಲ್ಲ, ದರಸಮರದ ಲೆಕ್ಕ ಹಾಕಿ. ಕಾಂತೀಯ ಲೇಪನದ ತಟ್ಟೆ ದೊಡ್ಡದಾದರೆ ಒಂದರಲ್ಲೇ ಹೆಚ್ಚು ಮಾಹಿತಿ ಹಿಡಿಯುತ್ತದೆ. ತಟ್ಟೆಗಳೂ, ಓದಿ ಬರೆಯುವ ದುಬಾರಿ ಹೆಡ್‌ಗಳೂ ಕಡಿಮೆ ಸಾಕು. ನಿಮಿಷಕ್ಕೆ ಬರೀ 3,600 ಸುತ್ತು ತಿರುಗುವ ಈ ನಿಧಾನದ ಸರಕನ್ನು ಯಾರು ಕೊಂಡಾರು ಎಂದು ಕೇಳಬಹುದು. ಆದರೆ ಮನೆಬಳಕೆಯ ಕಂಪ್ಯೂಟರ್ ಕೊಳ್ಳುವವರು ನೋಡುತ್ತಿದ್ದುದು ಗಿಗಾಬೈಟು ಮತ್ತು ಬೆಲೆ. ಸುತ್ತಿನ ವೇಗ ವಿಚಾರಿಸುವವರು ವಿರಳ. ಕಾಂಪ್ಯಾಕ್‌ನ ಪ್ರೆಸಾರಿಯೊದಂಥ ಯಂತ್ರಗಳಲ್ಲಿ ಇದು ಸಲೀಸಾಗಿ ಸೇರಿಕೊಂಡಿತು.

ಅಗ್ಗದ ಮಾರಾಟದಿಂದ ಗ್ರಾಹಕರು ಸಿಕ್ಕರೂ ಡಿಸ್ಕ್ ವ್ಯವಹಾರ ಕೈಯಲ್ಲಿ ಉಳಿಯಲಿಲ್ಲ: ಕ್ವಾಂಟಮ್‌ನ ಡಿಸ್ಕ್ ವಿಭಾಗ 2001ರಲ್ಲಿ ಪ್ರತಿಸ್ಪರ್ಧಿ ತಯಾರಕ ಮ್ಯಾಕ್ಸ್‌ಟರ್ ಪಾಲಾಯಿತು, 2006ರಲ್ಲಿ ಮ್ಯಾಕ್ಸ್‌ಟರ್ ತಾನೇ ಮತ್ತೊಂದು ಡಿಸ್ಕ್ ಕಂಪನಿ ಸೀಗೇಟ್ ಪಾಲಾಯಿತು.