ಕಾರ್ಕಳದ ವಲಸಿಗರೂ ವಿದ್ಯಾದಾನವೂ

1432ರಲ್ಲಿ ವೀರಪಾಂಡ್ಯ ಭೈರರಸನು ಬಾಹುಬಲಿಯ ಏಕಶಿಲಾಮೂರ್ತಿಯನ್ನು ಪ್ರತಿಷ್ಠಾಪಿಸಿದ ಕಾರ್ಕಳಕ್ಕೆ, ಮುಂದಿನ ಶತಮಾನದಲ್ಲಿ ಗೋವೆಯನ್ನಾಕ್ರಮಿಸಿದ ಪೋರ್ಚುಗೀಸರ ಮತಪೀಡನೆಗೆ ಬೇಸತ್ತು, ಮನೆಮಾರು ತೊರೆದು ದಕ್ಷಿಣಾಭಿಮುಖರಾಗಿ ಹೊರಟ ಗೌಡಸಾರಸ್ವತರಲ್ಲಿ ಕೆಲವರು ಬಂದು ನೆಲಸಿದರು. ಜೈನರಸರ ನಾಡಿನಲ್ಲಿ ಈ ವೈಷ್ಣವರು ಕಟ್ಟಿಕೊಂಡ ವೆಂಕಟರಮಣ ದೇಗುಲವು ಪಡುತಿರುಪತಿಯೆಂದೇ ಖ್ಯಾತವಾಯಿತು. ಪರಮತಸಹಿಷ್ಣುತೆಯನ್ನು ಆ ಅರಸರು ಬೋಧಿಸಿದರೋ ಇಲ್ಲವೋ, ಆಚರಿಸಿದ್ದಂತೂ ದಿಟ.

ಅದೇ ಗೌಡಸಾರಸ್ವತ ಸಮಾಜದವರಾಗಿ ಕಲ್ಯಾಣಪುರದಲ್ಲಿ 1898ರಲ್ಲಿ ಜನಿಸಿದ ಡಾ. ಟಿ.ಎಂ.ಎ. ಪೈಗಳು, ಅಣ್ಣ ಉಪೇಂದ್ರ ಪೈ ಹಾಗೂ ವಾಮನ ಕುಡ್ವರೊಡನೆ 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಬ್ಯಾಂಕು, 1928ರಿಂದ ಪಿಗ್ಮಿ ಯೋಜನೆಯ ಮೂಲಕ ಮನೆಮನೆಯಿಂದ ದಿನಕ್ಕೆರಡಾಣೆಯಂತೆ ಉಳಿತಾಯವನ್ನು ಸಂಗ್ರಹಿಸತೊಡಗಿತು. ಹನಿಗೂಡಿಸುವ ಆ ವಣಿಗ್ಬುದ್ಧಿಯೇ 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ರೂಪದಲ್ಲಿ ವಿದ್ಯೆಯತ್ತ ಹೊರಳಿ, 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜನ್ನೂ, 1957ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ನಿಲ್ಲಿಸಿತು. ವಿದ್ಯಾರ್ಥಿಗಳ ಶುಲ್ಕದಿಂದಲೇ ಬೆಳೆದ ಈ ಸಂಸ್ಥೆಗಳನ್ನು ಶುದ್ಧ ದಾನವೆನ್ನಲು ನನಗೆ ಸಂಕೋಚವುಂಟು. ಸರ್ಕಾರವು ಕೈಯಿಕ್ಕದ ಕಡೆ ಕೈಯಿಕ್ಕಿದ ಸಾಹಸವೆಂಬುದೇ ಯುಕ್ತ.

ಅದೇ ಅಕಾಡೆಮಿಯ ಮೂಲಕ 1960ರಲ್ಲಿ ಕಾರ್ಕಳಕ್ಕೂ ಶ್ರೀ ಭುವನೇಂದ್ರ ಕಾಲೇಜು ಬಂದಿತು. ಪದವಿಗಾಗಿ ಮಂಗಳೂರಿಗೋ ಉಡುಪಿಗೋ ತೆರಳಬೇಕಾಗಿದ್ದ ಬಂಟ, ಜೈನ, ಬಿಲ್ಲವ, ಕ್ರೈಸ್ತ ಮನೆಗಳ ಮಕ್ಕಳು, ಅದರಲ್ಲಿಯೂ ಹೊರಊರಿಗೆ ಕಳುಹಿಸಲು ಹಿರಿಯರು ಒಪ್ಪದಿದ್ದ ಹೆಣ್ಣುಮಕ್ಕಳು, ಅಂದಿನಿಂದ ಊರಲ್ಲಿದ್ದುಕೊಂಡೇ ಓದುವಂತಾಯಿತು.